ಗಾಯಾಳುವಿನ ಬಾಯಾರಿಕೆ: ಒಂದು ಆಶಯದ ಶರೀರಶಾಸ್ತ್ರೀಯ ಚರಿತ್ರೆ

ರಕ್ತ ಸುರಿಯುತ್ತಿರುವ ಯೋಧನು ನೀರಿಗಾಗಿ ಹಂಬಲಿಸುವುದು ಯುದ್ಧಕಥನಗಳಲ್ಲಿ ಮರುಕಳಿಸುವ ಆಶಯ. 1586ರಲ್ಲಿ ನೆದರ್‌ಲೆಂಡ್ಸ್‌ನ ಜುಟ್ಫೆನ್ ಬಳಿ ತೊಡೆಗೆ ಗುಂಡು ತಗುಲಿದ ಇಂಗ್ಲಿಷ್ ಕವಿ ಫಿಲಿಪ್ ಸಿಡ್ನಿ, ತನಗೆ ತಂದ ನೀರನ್ನು ಮತ್ತೊಬ್ಬ ಗಾಯಾಳು ಸೈನಿಕನಿಗೆ ಕೊಡಿಸಿದನೆಂಬ ಐತಿಹ್ಯ ಪ್ರಸಿದ್ಧವಾದುದು. ಇದನ್ನು ಬರೆದಿಟ್ಟವನು ಸಿಡ್ನಿಯ ಗೆಳೆಯ ಫುಲ್ಕ್ ಗ್ರೆವಿಲ್. ಅತಿಯಾದ ರಕ್ತಸ್ರಾವದಿಂದ ಬಾಯಾರಿಕೆಯಾಯಿತೆಂದು ಅವನು ಸ್ಪಷ್ಟವಾಗಿಯೇ ಹೇಳಿದ್ದಾನೆ. ತ್ಯಾಗವನ್ನು ಕೊಂಡಾಡುವ ಭರದಲ್ಲಿ ಓದುಗರು ಈ ಮಾತನ್ನು ಗಮನಿಸಲಿಲ್ಲ.

ಶರೀರಶಾಸ್ತ್ರಕ್ಕೂ ಇದು ಬಹುಕಾಲ ತೊಡಕಾಗಿಯೇ ಉಳಿಯಿತು. 1918ರಲ್ಲಿ ವಾಲ್ಟರ್ ಕ್ಯಾನನ್ ಬಾಯಾರಿಕೆಯನ್ನು ಬಾಯಿ ಮತ್ತು ಗಂಟಲುಗಳ ಒಣಗುವಿಕೆಯೆಂದು ವಿವರಿಸಿದರು. ರಕ್ತದ ಲವಣಾಂಶ ಸಾಂದ್ರಗೊಂಡು ಜೀವಕೋಶಗಳಿಂದ ನೀರು ಹೊರಬರುವುದೇ ಕಾರಣವೆಂಬ ವಾದ ಅನಂತರ ಬಲಗೊಂಡಿತು. ಆದರೆ ರಕ್ತ ಸುರಿದಾಗ ನೀರೂ ಲವಣವೂ ಒಟ್ಟಿಗೆ ಹೋಗುತ್ತವೆ, ಸಾಂದ್ರತೆ ಹೆಚ್ಚುವುದಿಲ್ಲ. ಹಾಗಾದರೆ ಗಾಯಾಳುವಿಗೆ ಬಾಯಾರುವುದೇಕೆ?

ಕೇಂಬ್ರಿಜ್‌ನ ಜೇಮ್ಸ್ ಫಿಟ್ಸ್‌ಸೈಮನ್ಸ್ ಈ ಪ್ರಶ್ನೆಯನ್ನು ಇಲಿಗಳ ಮೇಲಿನ ಪ್ರಯೋಗಗಳ ಮೂಲಕ ಬಿಡಿಸಿದರು. 1964ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೇಹದ ಕೆಳಭಾಗದಿಂದ ಹೃದಯಕ್ಕೆ ರಕ್ತ ಮರಳಿಸುವ ಮಹಾಭಿಧಮನಿಯನ್ನು ಬಿಗಿಯಲಾಗಿತ್ತು. ದೇಹ ರಕ್ತವನ್ನು ಕಳೆದುಕೊಳ್ಳದಿದ್ದರೂ ಹೃದಯಕ್ಕೆ ಅದು ಸಾಲದಾಗಿ ರಕ್ತದೊತ್ತಡ ಕುಸಿಯಿತು. ಇಲಿಗಳು ನೀರು ಕುಡಿದವು. ಎರಡೂ ಮೂತ್ರಪಿಂಡಗಳನ್ನು ಮೊದಲೇ ತೆಗೆದಿದ್ದರೆ ಕುಡಿಯುವುದು ಬಹಳ ತಗ್ಗುತ್ತಿತ್ತು. ಮೂತ್ರವಿಸರ್ಜನೆ ನಿಂತದ್ದರ ಪರಿಣಾಮ ಇದಾಗಿರಬಹುದೇ? ಮೂತ್ರನಾಳಗಳನ್ನಷ್ಟೇ ಕಟ್ಟಿ, ಮೂತ್ರಪಿಂಡಗಳನ್ನು ಉಳಿಸಿ ನೋಡಲಾಯಿತು. ಮೂತ್ರ ನಿಂತಿತು, ಬಾಯಾರಿಕೆ ತಗ್ಗಲಿಲ್ಲ. 1969ರ ಅವರ ಬರಹದ ತಿರುಳು ಇದೇ: ಮೂತ್ರಪಿಂಡವು ರಕ್ತಕ್ಕೆ ಏನನ್ನೋ ಬಿಡುತ್ತಿದೆ.

ಆ ವಸ್ತುವಿಗೆ ಹಳೆಯ ಚರಿತ್ರೆಯಿತ್ತು. 1898ರಲ್ಲಿ ಸ್ಟಾಕ್‌ಹೋಮ್‌ನ ಟಿಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದಿಂದ ಪಡೆದ, ರಕ್ತದೊತ್ತಡ ಏರಿಸುವ ಅಂಶಕ್ಕೆ ರೆನಿನ್ ಎಂದು ಹೆಸರಿಟ್ಟಿದ್ದರು. ದಶಕಗಳವರೆಗೆ ಅದಕ್ಕೆ ತಕ್ಕ ಗಮನ ದೊರೆಯಲಿಲ್ಲ. ಒತ್ತಡ ಕುಸಿದಾಗ ಸ್ರವಿಸುವ ರೆನಿನ್, ರಕ್ತದಲ್ಲಿರುವ ಒಂದು ಪ್ರೋಟೀನಿನಿಂದ ಆಂಜಿಯೋಟೆನ್ಸಿನ್ ರೂಪುಗೊಳ್ಳಲು ಕಾರಣವಾಗುತ್ತದೆ. ಅದು ರಕ್ತನಾಳಗಳನ್ನು ಸಂಕೋಚಿಸುತ್ತದೆ, ಲವಣವನ್ನು ಉಳಿಸುವ ಆಲ್ಡೋಸ್ಟಿರೋನ್ ಹಾರ್ಮೋನಿನ ಸ್ರಾವವನ್ನು ಹೆಚ್ಚಿಸುತ್ತದೆ. ರಕ್ತ ತೆಗೆದ ನಾಯಿಗಳಲ್ಲಿ ಆಲ್ಡೋಸ್ಟಿರೋನ್ ಏರಿಕೆಗೆ ಮೂತ್ರಪಿಂಡವೇ ಪ್ರೇರಕವೆಂಬುದನ್ನು ಜೇಮ್ಸ್ ಡೇವಿಸ್ ಮತ್ತು ಸಂಗಡಿಗರು 1961ರಲ್ಲಿ ತೋರಿಸಿದ್ದರು. 1970ರಲ್ಲಿ ಎಪ್‌ಸ್ಟೀನ್, ಫಿಟ್ಸ್‌ಸೈಮನ್ಸ್ ಮತ್ತು ರೋಲ್ಸ್ ನೀರಿನ ಕೊರತೆಯಿಲ್ಲದ ಇಲಿಗಳ ಮಿದುಳಿಗೆ ಅತ್ಯಲ್ಪ ಆಂಜಿಯೋಟೆನ್ಸಿನ್ ನೀಡಿದಾಗ ಅವು ಕೂಡಲೇ ನೀರಿನತ್ತ ತಿರುಗಿದವು.

ಕಥನಕಾರರು ಇದನ್ನೆಲ್ಲ ಮೊದಲೇ ಅರಿತಿದ್ದರೆಂಬ ಹೆಮ್ಮೆಯ ವಾದ ಸಲ್ಲದು. ಅವರು ಕಾಪಿಟ್ಟದ್ದು ರಕ್ತಕ್ಕೂ ಬಾಯಾರಿಕೆಗೂ ಇರುವ ನಂಟನ್ನು ಮಾತ್ರ. ಅದರಲ್ಲಿಯೂ ಅರ್ಧವಷ್ಟೇ ಉಳಿದಿದೆ: ನೀರು ಕುಡಿದ ಇಲಿಗಳು ಕೆಲವು ಗಂಟೆಗಳ ಬಳಿಕ ಉಪ್ಪುನೀರನ್ನೂ ಅರಸುತ್ತವೆ, ಆದರೆ ಉಪ್ಪು ಬೇಡುವ ಗಾಯಾಳು ಕಥನಗಳಲ್ಲಿ ಅಪರೂಪ. ವಿಜ್ಞಾನದ ಉತ್ತರವೂ ಸರಳವಲ್ಲ. ಮೂತ್ರಪಿಂಡಗಳಿಲ್ಲದ ಇಲಿಗಳು ನೀರನ್ನು ಪೂರ್ತಿ ತೊರೆಯಲಿಲ್ಲ. ಹೃದಯ ಮತ್ತು ಮಹಾನಾಳಗಳ ಒತ್ತಡವನ್ನು ಗ್ರಹಿಸುವ ನರಗಳೂ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ.