ವೇಗ, ದೂರ, ಕಾಲದ ಲೆಕ್ಕಗಳು

ಚಲಿಸುವ ವ್ಯಕ್ತಿ, ಪ್ರಾಣಿ ಅಥವಾ ವಾಹನದ ವೇಗ, ಸಾಗಿದ ದೂರ, ಹಿಡಿದ ಕಾಲ ಇವುಗಳಲ್ಲಿ ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಕಂಡುಹಿಡಿಯುವ ಗಣಿತ ಸಮಸ್ಯೆಗಳು. ವೇಗವನ್ನು ಕಾಲದಿಂದ ಗುಣಿಸಿದರೆ ದೂರ ಬರುತ್ತದೆ ಎಂಬುದು ಇವುಗಳ ಆಧಾರ. ಇಂದು ಇವನ್ನು ಸಮೀಕರಣ ಕಟ್ಟಿ ಬಿಡಿಸುವುದು ರೂಢಿ. ಆದರೆ ಈ ಲೆಕ್ಕಗಳು ಅಕ್ಷರ ಬೀಜಗಣಿತಕ್ಕಿಂತ ಬಹಳ ಹಳೆಯವು. ಹಿಂದೆ ಒಂದೊಂದು ಬಗೆಯ ಲೆಕ್ಕಕ್ಕೆ ಒಂದೊಂದು ಸೂತ್ರವಿತ್ತು. ಆ ಸೂತ್ರಗಳೆಲ್ಲ ಒಂದೇ ಕ್ರಮದೊಳಗೆ ಸೇರಿಕೊಂಡ ಬಗೆಯೇ ಇವುಗಳ ಇತಿಹಾಸ.

ಚೀನಾ

ಹಾನ್ ಕಾಲದ ‘ಗಣಿತಕಲೆಯ ಒಂಬತ್ತು ಅಧ್ಯಾಯಗಳು’ ಗ್ರಂಥದ ಆರನೆಯ ಅಧ್ಯಾಯದಲ್ಲಿ ಬೆನ್ನಟ್ಟುವ ಮತ್ತು ಎದುರಾಗುವ ಲೆಕ್ಕಗಳಿವೆ. ಚುರುಕು ನಡಿಗೆಯವನು 100 ಹೆಜ್ಜೆ ಇಡುವಷ್ಟರಲ್ಲಿ ನಿಧಾನಿ ಇಡುವುದು 60 ಹೆಜ್ಜೆ. ನಿಧಾನಿ 100 ಹೆಜ್ಜೆ ಮುಂದಿದ್ದರೆ ಅವನನ್ನು ಹಿಡಿಯುವುದು ಎಷ್ಟನೆಯ ಹೆಜ್ಜೆಗೆ? ಪ್ರತಿ 100 ಹೆಜ್ಜೆಗೆ ಅಂತರ 40 ಹೆಜ್ಜೆ ತಗ್ಗುವುದರಿಂದ ಉತ್ತರ 250. ಕ್ರಿ.ಶ. 263ರಲ್ಲಿ ಲಿಯು ಹುಯಿ ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದು ಸೂತ್ರಗಳ ಹಿಂದಿನ ತರ್ಕವನ್ನು ಬಿಡಿಸಿ ಹೇಳಿದ.

ಭಾರತ

ಇಲ್ಲಿ ಈ ಲೆಕ್ಕಗಳಿಗೆ ಖಗೋಳಶಾಸ್ತ್ರದ ನಂಟಿತ್ತು. ಎರಡು ಗ್ರಹಗಳು ಯಾವಾಗ ಕೂಡುತ್ತವೆ ಎಂದು ತಿಳಿಯಲು ಅವುಗಳ ಗತಿಗಳನ್ನು ಹೋಲಿಸಬೇಕಿತ್ತು. ಆರ್ಯಭಟ 499ರ ಸುಮಾರಿಗೆ ರಚಿಸಿದ ‘ಆರ್ಯಭಟೀಯ’ದ ಗಣಿತಪಾದದಲ್ಲಿ ಇದಕ್ಕೊಂದು ಸೂತ್ರ ಕೊಟ್ಟಿದ್ದಾನೆ: ಎದುರುಬದುರಾಗಿ ಸಾಗುವ ಎರಡರ ನಡುವಿನ ಅಂತರವನ್ನು ಗತಿಗಳ ಮೊತ್ತದಿಂದಲೂ ಒಂದೇ ದಿಕ್ಕಿನಲ್ಲಿ ಸಾಗುವವುಗಳ ಅಂತರವನ್ನು ಗತಿಗಳ ವ್ಯತ್ಯಾಸದಿಂದಲೂ ಭಾಗಿಸಿದರೆ, ಅವು ಕೂಡಿದ್ದ ಅಥವಾ ಕೂಡಲಿರುವ ಕಾಲ ಸಿಗುತ್ತದೆ. ಇಂದಿನ ಸಾಪೇಕ್ಷ ವೇಗದ ನಿಯಮವೂ ಇದೇ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ (ಸು. 850) ಇಂಥ ಲೆಕ್ಕಗಳಿಗೆ ವಿಶೇಷ ಸ್ಥಾನ ಕೊಟ್ಟ. ಅವುಗಳಲ್ಲೊಂದು ಕರಿನಾಗರದ್ದು. 80 ಅಂಗುಲ ಉದ್ದದ ಹಾವು ದಿನದ 5/14 ಭಾಗದಲ್ಲಿ 7½ ಅಂಗುಲದಷ್ಟು ಬಿಲದೊಳಗೆ ಸರಿಯುತ್ತದೆ. ಅತ್ತ ಕಾಲು ದಿನಕ್ಕೆ ಅದರ ಬಾಲ 2¾ ಅಂಗುಲ ಬೆಳೆಯುತ್ತದೆ. ಅದು ಪೂರ್ತಿ ಒಳಹೋಗುವುದು ಯಾವಾಗ? ತ್ರೈರಾಶಿಯಿಂದ ದಿನದ ಲೆಕ್ಕಕ್ಕೆ ತಂದರೆ ಹಾವು ಸರಿಯುವುದು 21 ಅಂಗುಲ, ಬೆಳೆಯುವುದು 11. ಹೊರಗುಳಿದ ಭಾಗ ದಿನಕ್ಕೆ 10 ಅಂಗುಲ ಕಡಿಮೆಯಾಗುವುದರಿಂದ ಎಂಟು ದಿನ ಬೇಕು.

ಒಬ್ಬ ಒಂದೇ ಗತಿಯಲ್ಲಿ, ಇನ್ನೊಬ್ಬ ದಿನದಿಂದ ದಿನಕ್ಕೆ ಗತಿ ಹೆಚ್ಚಿಸುತ್ತ ಹೊರಟರೆ ಇಬ್ಬರೂ ಮತ್ತೆ ಸೇರುವುದು ಎಂದು ಎಂಬುದಕ್ಕೂ ಆತನಲ್ಲಿ ಸೂತ್ರವಿದೆ. ಸ್ಥಿರ ಗತಿಯಿಂದ ಎರಡನೆಯವನ ಮೊದಲ ದಿನದ ಗತಿಯನ್ನು ಕಳೆದು, ದಿನದ ಏರಿಕೆಯ ಅರ್ಧದಿಂದ ಭಾಗಿಸಿ, ಒಂದನ್ನು ಕೂಡಿಸಬೇಕು. ಒಬ್ಬ ದಿನಕ್ಕೆ 7 ಯೋಜನದಂತೆ, ಇನ್ನೊಬ್ಬ 3ರಿಂದ ತೊಡಗಿ ದಿನಕ್ಕೆ 2 ಯೋಜನ ಏರಿಸುತ್ತ ನಡೆದರೆ, ಐದನೆಯ ದಿನದ ಕೊನೆಗೆ ಇಬ್ಬರೂ 35 ಯೋಜನ ದಾಟಿರುತ್ತಾರೆ. ಇಬ್ಬರ ದೂರಗಳನ್ನು ಸಮೀಕರಿಸಿ, ಎರಡೂ ಕಡೆ ಕಾಲದಿಂದ ಭಾಗಿಸಿದರೆ ಬರುವುದೂ ಈ ಸೂತ್ರವೇ.

ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ (1150) ಚಲನೆಯ ಲೆಕ್ಕಕ್ಕೆ ರೇಖಾಗಣಿತ ಜೊತೆಯಾಯಿತು. 9 ಮೊಳದ ಕಂಬದ ಮೇಲೆ ಕುಳಿತ ನವಿಲು, ಕಂಬದ ಬುಡದ ಬಿಲದತ್ತ 27 ಮೊಳ ದೂರದಿಂದ ಬರುವ ಹಾವಿನ ಮೇಲೆ ಎರಗುತ್ತದೆ. ವೇಗ ಎರಡಕ್ಕೂ ಒಂದೇ ಆದ್ದರಿಂದ ಸಾಗುವ ದೂರವೂ ಒಂದೇ, 15 ಮೊಳ. ಅವು ಸೇರುವುದು ಬಿಲದಿಂದ 12 ಮೊಳದಲ್ಲಿ.

ಯುರೋಪು

ಅಲ್ಕ್ವಿನ್ ರಚಿಸಿದನೆನ್ನಲಾದ ಲ್ಯಾಟಿನ್ ಸಂಗ್ರಹವೊಂದರಲ್ಲಿ ಮೊಲವನ್ನು ಅಟ್ಟುವ ನಾಯಿಯ ಲೆಕ್ಕವಿದೆ: ಅಂತರ 150 ಅಡಿ, ನಾಯಿಯ ನೆಗೆತ 9 ಅಡಿ, ಮೊಲದ್ದು 7, ಹಿಡಿಯಲು 75 ನೆಗೆತ ಬೇಕು. ವ್ಯವಹಾರದ ಲೆಕ್ಕ ಹೀಗೆ ಸಲೀಸಾಗಿ ನಡೆಯುತ್ತಿದ್ದರೂ, ಯೂಕ್ಲಿಡನ ಜಾಡಿನ ವಿದ್ವತ್ ಗಣಿತದಲ್ಲಿ ಅನುಪಾತ ಸಲ್ಲುತ್ತಿದ್ದುದು ಒಂದೇ ಜಾತಿಯ ಪರಿಮಾಣಗಳಿಗೆ ಮಾತ್ರ. ದೂರವನ್ನು ಕಾಲದಿಂದ ಭಾಗಿಸುವುದಕ್ಕೆ ಅಲ್ಲಿ ಅರ್ಥವಿರಲಿಲ್ಲ. ಗೆಲಿಲಿಯೊ ಕೂಡ 1638ರಲ್ಲಿ ಏಕರೂಪ ಚಲನೆಯನ್ನು ಅನುಪಾತಗಳ ಆರು ಪ್ರಮೇಯಗಳಲ್ಲಿ ವಿವರಿಸಿದ. ಅಷ್ಟರಲ್ಲಿ ವಿಯೆತ್ (1591) ಮತ್ತು ಡೆಕಾರ್ಟ್ (1637) ಪರಿಮಾಣಗಳಿಗೆ ಅಕ್ಷರಗಳನ್ನು ಬಳಕೆಗೆ ತಂದಿದ್ದರು. 1700ರ ಸುಮಾರಿಗೆ ಪಿಯೆರ್ ವರಿನ್ಯೋನ್ ಕಲನಶಾಸ್ತ್ರದ ನೆರವಿನಿಂದ ವೇಗವನ್ನು ದೂರ ಮತ್ತು ಕಾಲಗಳ ಭಾಗಲಬ್ಧವಾಗಿ ಬರೆದ ಮೇಲೆ ಮೂರೂ ಒಂದೇ ಸಮೀಕರಣದಲ್ಲಿ ಕೂಡಿದವು.

ರೈಲು ಮತ್ತು ಶಾಲೆ

1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗ ತೆರೆಯಿತು. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ 34 ಕಿ.ಮೀ. ಪ್ರಯಾಣಿಕರ ರೈಲು ಓಡಿತು. 1864ರಲ್ಲಿ ಬೆಂಗಳೂರು ದಂಡು ಪ್ರದೇಶಕ್ಕೆ ಜೋಲಾರಪೇಟೆಯಿಂದ ರೈಲು ಬಂತು. ವೇಳಾಪಟ್ಟಿಯಂತೆ ಓಡುವ ಬಂಡಿ, ಪಠ್ಯಪುಸ್ತಕದಲ್ಲಿ ನಾಯಿ, ಮೊಲಗಳ ಜಾಗ ಹಿಡಿಯಿತು. ರೈಲಿನ ಉದ್ದವೂ ಲೆಕ್ಕಕ್ಕೆ ಬಂತು: ಗಂಟೆಗೆ 54 ಕಿ.ಮೀ., ಅಂದರೆ ಸೆಕೆಂಡಿಗೆ 15 ಮೀ. ವೇಗದ 150 ಮೀ. ಉದ್ದದ ರೈಲು 300 ಮೀ. ಪ್ಲಾಟ್‌ಫಾರ್ಮ್ ದಾಟಲು 450 ಮೀ. ಸಾಗಬೇಕು, ಹಿಡಿಯುವುದು 30 ಸೆಕೆಂಡು.

ಈಗ ಪ್ರೌಢಶಾಲೆಯಲ್ಲಿ ಇಂಥ ಲೆಕ್ಕಗಳು ರೇಖಾತ್ಮಕ ಹಾಗೂ ವರ್ಗ ಸಮೀಕರಣಗಳ ಪಾಠಗಳಲ್ಲಿ ಬರುತ್ತವೆ. ನಿಂತ ನೀರಿನಲ್ಲಿ ಗಂಟೆಗೆ 20 ಕಿ.ಮೀ. ಸಾಗುವ ದೋಣಿಗೆ 48 ಕಿ.ಮೀ. ಹೊಳೆಯ ಎದುರು ಹೋಗಲು, ಅಷ್ಟೇ ದೂರ ಹೊಳೆಯ ಜೊತೆ ಬರುವುದಕ್ಕಿಂತ ಒಂದು ಗಂಟೆ ಹೆಚ್ಚು ಬೇಕೆನ್ನೋಣ. ಹೊಳೆಯ ವೇಗ ‘ನ’ ಆದರೆ ಕಾಲಗಳ ವ್ಯತ್ಯಾಸ 48/(20 − ನ) − 48/(20 + ನ) = 1. ಇದು ನ² + 96ನ − 400 = 0 ಎಂದಾಗಿ, 4 ಮತ್ತು −100 ಎಂಬ ಎರಡು ಮೂಲಗಳನ್ನು ಕೊಡುತ್ತದೆ. ಹೊಳೆಯ ವೇಗ ಗಂಟೆಗೆ 4 ಕಿ.ಮೀ.; ಇನ್ನೊಂದನ್ನು ಕೈಬಿಡಬೇಕು. ಋಣ ಉತ್ತರ ಯಾವಾಗಲೂ ನಿರರ್ಥಕವೆಂದೇನೂ ಅಲ್ಲ: ಇಬ್ಬರು ಸಂಧಿಸುವ ಲೆಕ್ಕದಲ್ಲಿ ಕಾಲ ಋಣವಾಗಿ ಬಂದರೆ ಅವರು ಆಗಲೇ ಸಂಧಿಸಿ ದಾಟಿದ್ದಾರೆ ಎಂದರ್ಥ. ಸಮೀಕರಣ ಕೊಡುವ ಮೂಲಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದು ಲೆಕ್ಕದ ಸಂದರ್ಭದಿಂದಲೇ ತೀರ್ಮಾನವಾಗುತ್ತದೆ.