ಮೂರನೆಯ ಬ್ಯಾಕ್‌ನ ಚರಿತ್ರೆ

ವೃತ್ತಿಪರ ಫುಟ್‌ಬಾಲ್ ತಂಡವೊಂದು ವಾರದಿಂದ ವಾರಕ್ಕೆ ಗೋಲುಗಳನ್ನು ಬಿಟ್ಟುಕೊಡುತ್ತ ಹೋದಾಗ ಪ್ರೇಕ್ಷಕರ ಸಿಟ್ಟು ಮೊದಲು ಎರಗುವುದು ಗೋಲ್‌ಕೀಪರ್‌ನ ಮೇಲೂ ಅವನ ಮುಂದೆ ನಿಲ್ಲುವ ಡಿಫೆಂಡರ್‌ಗಳ ಮೇಲೂ. ಅವರ ಕಾಲು ನಿಧಾನವಾಯಿತು, ಎದೆಗಾರಿಕೆ ಕುಗ್ಗಿತು, ವಯಸ್ಸು ಮೀರಿತು ಎಂಬ ಮಾತುಗಳು ಈ ಆಟದಷ್ಟೇ ಹಳೆಯವು. ಆದರೆ 1925ರಿಂದ ಮುಂದಿನ ಹತ್ತು ಹನ್ನೊಂದು ವರ್ಷಗಳ ಇಂಗ್ಲಿಷ್ ಲೀಗಿನ ಚರಿತ್ರೆಯನ್ನು ನೋಡಿದರೆ, ರಕ್ಷಣೆ ಕುಸಿಯುವುದಕ್ಕೆ ಆಟಗಾರರ ದೇಹಶಕ್ತಿಗಿಂತ ಅಂಕಣದ ಯಾವ ಜಾಗವನ್ನು ಯಾರು ಕಾಯಬೇಕೆಂಬ ಏರ್ಪಾಟು ಕೆಟ್ಟಿರುವುದೇ ಹೆಚ್ಚಿನ ಕಾರಣ ಎಂಬುದು ಕಾಣುತ್ತದೆ. ಆ ಕಾಲದಲ್ಲಿ ಏರ್ಪಾಟು ಕೆಟ್ಟದ್ದು ಯಾರ ಮೈಗಳ್ಳತನದಿಂದಲೂ ಆಗಿರಲಿಲ್ಲ. ನಿಯಮಪುಸ್ತಕದಲ್ಲಿ ಒಂದೇ ಒಂದು ಅಂಕಿ ಬದಲಾದದ್ದರಿಂದ ಆಗಿತ್ತು.

ಆ ಅಂಕಿ ಆಫ್‌ಸೈಡ್ ನಿಯಮಕ್ಕೆ ಸೇರಿದ್ದು. ಎದುರಾಳಿಯ ಗೋಲಿನ ಬಳಿ ಮೊದಲೇ ಹೋಗಿ ಠಿಕಾಣಿ ಹೂಡಿ ಚೆಂಡಿಗಾಗಿ ಕಾಯುವುದನ್ನು ತಡೆಯುವುದು ಈ ನಿಯಮದ ಉದ್ದೇಶ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಮೊದಲ ನಿಯಮಗಳನ್ನು ರೂಪಿಸಿದಾಗ, ಚೆಂಡಿಗಿಂತ ಮುಂದಿರುವ ಆಟಗಾರರೆಲ್ಲರೂ ಹೆಚ್ಚುಕಡಿಮೆ ಆಫ್‌ಸೈಡ್ ಎಂದೇ ಇತ್ತು. 1866ರಲ್ಲಿ ಇದನ್ನು ಸಡಿಲಿಸಿ, ಮುಂದಿರುವ ಆಟಗಾರನಿಗೂ ಎದುರಾಳಿಯ ಗೋಲುಗೆರೆಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳಿದ್ದರೆ ಅವನಿಗೆ ಚೆಂಡು ಕೊಡಬಹುದೆಂದು ತೀರ್ಮಾನಿಸಲಾಯಿತು. ಆಟಗಾರ ತನ್ನ ಅರ್ಧದಲ್ಲಿದ್ದರೆ ಆಫ್‌ಸೈಡ್ ಅನ್ವಯಿಸದೆಂಬ ತಿದ್ದುಪಡಿ 1907ರಲ್ಲಿ ಬಂದಿತು. ಸುಮಾರು ಅರುವತ್ತು ವರ್ಷ ನಿಂತ ಈ ಮೂವರ ನಿಯಮದ ನೆರಳಿನಲ್ಲೇ ವೃತ್ತಿಪರ ಫುಟ್‌ಬಾಲಿನ ಮೊದಲ ವ್ಯೂಹ ಬೆಳೆಯಿತು. ಗೋಲ್‌ಕೀಪರ್‌ನ ಮುಂದೆ ಇಬ್ಬರು ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್‌ಗಳು, ತುದಿಯಲ್ಲಿ ಐವರು ಫಾರ್ವರ್ಡ್‌ಗಳು ಇರುವ ಈ ಜೋಡಣೆಯಲ್ಲಿ ನಡುವಿನ ಸೆಂಟರ್ ಹಾಫ್ ಆಟದ ಯಜಮಾನನಾಗಿದ್ದು, ದಾಳಿಗೆ ಚೆಂಡು ಒದಗಿಸುವುದೂ ಅಗತ್ಯ ಬಿದ್ದಾಗ ಹಿಂದಕ್ಕೆ ಓಡಿ ಬರುವುದೂ ಅವನ ಪಾಲಿಗೇ ಇತ್ತು.

ಇಬ್ಬರೇ ಬ್ಯಾಕ್‌ಗಳು ಐದು ಮಂದಿ ಫಾರ್ವರ್ಡ್‌ಗಳನ್ನು ಹೇಗೆ ತಡೆದರೆಂಬ ಪ್ರಶ್ನೆಗೆ ಉತ್ತರ ಆ ನಿಯಮದ ಲೆಕ್ಕಾಚಾರದಲ್ಲೇ ಇದೆ. ಗೋಲ್‌ಕೀಪರ್ ಮತ್ತು ಇಬ್ಬರು ಬ್ಯಾಕ್‌ಗಳು ಸೇರಿ ಮೂವರಾಗುತ್ತಾರೆ. ಅವರಲ್ಲಿ ಒಬ್ಬ ಬ್ಯಾಕ್, ಎದುರಾಳಿ ಚೆಂಡನ್ನು ಮುಂದಕ್ಕೆ ಒದೆಯುವ ಕ್ಷಣಕ್ಕೆ ಸರಿಯಾಗಿ ನಾಲ್ಕು ಹೆಜ್ಜೆ ಮುಂದೆ ಸರಿದು ಫಾರ್ವರ್ಡ್‌ನನ್ನು ಬೆನ್ನ ಹಿಂದೆ ಬಿಟ್ಟರೆ ಸಾಕು, ಉಳಿದವರು ಇಬ್ಬರೇ ಆಗಿ ರೆಫರಿಯ ಸೀಟಿ ಕೇಳಿಸುತ್ತದೆ. ಲೆಕ್ಕ ತಪ್ಪಿದರೂ ಅಪಾಯ ಅಷ್ಟಿರಲಿಲ್ಲ, ಏಕೆಂದರೆ ಎರಡನೆಯ ಬ್ಯಾಕ್ ಹಿಂದೆಯೇ ಕಾವಲಿಗಿರುತ್ತಿದ್ದ. ಈ ತಂತ್ರವನ್ನು ಕಲೆಯ ಮಟ್ಟಕ್ಕೆ ಒಯ್ದವನು ನ್ಯೂಕ್ಯಾಸಲ್ ಯುನೈಟೆಡ್ ತಂಡದ ಐರಿಷ್ ಬ್ಯಾಕ್ ಬಿಲ್ ಮೆಕ್ರಾಕೆನ್. 1904ರಿಂದ ಎರಡು ದಶಕಗಳ ಕಾಲ ಆ ತಂಡದಲ್ಲಿದ್ದ ಅವನು ಎದುರಾಳಿಗಳನ್ನು ಎಷ್ಟರಮಟ್ಟಿಗೆ ರೇಗಿಸಿದ್ದನೆಂದರೆ, ಪಂದ್ಯಕ್ಕೆಂದು ನ್ಯೂಕ್ಯಾಸಲ್ ರೈಲು ನಿಲ್ದಾಣಕ್ಕೆ ಬಂದಿಳಿದ ತಂಡವೊಂದರ ಆಟಗಾರ ಗಾರ್ಡಿನ ಸೀಟಿ ಕೇಳಿ ‘ಆಗಲೇ ಆಫ್‌ಸೈಡ್ ಆಯಿತೇ’ ಎಂದು ಉದ್ಗರಿಸಿದನೆಂಬ ಹಾಸ್ಯಕಥೆಯೇ ಹುಟ್ಟಿಕೊಂಡಿತು. ಮೆಕ್ರಾಕೆನ್‌ನನ್ನು ನೋಡಿ ಉಳಿದ ತಂಡಗಳೂ ಕಲಿತವು. ಪರಿಣಾಮವಾಗಿ ಆಟವೆಲ್ಲ ಮಧ್ಯರೇಖೆಯ ಎರಡೂ ಬದಿಯ ಕಿರಿದಾದ ಪಟ್ಟಿಯೊಂದರಲ್ಲಿ ಕಿಕ್ಕಿರಿಯಿತು, ಸೀಟಿಯ ಸದ್ದು ಹೆಚ್ಚಿತು, ಗೋಲುಗಳು ಇಳಿದವು. ಟಿಕೆಟ್ ಹಣದ ಮೇಲೆ ಬದುಕುವ ಕ್ಲಬ್‌ಗಳಿಗೆ ಇದು ಸಣ್ಣ ಚಿಂತೆಯಾಗಿರಲಿಲ್ಲ.

ಪರಿಹಾರಕ್ಕಾಗಿ ಎರಡು ಸಲಹೆಗಳನ್ನು ಪ್ರಾಯೋಗಿಕ ಪಂದ್ಯಗಳಲ್ಲಿ ಒರೆಗೆ ಹಚ್ಚಲಾಯಿತು. ಗೋಲಿನಿಂದ 40 ಗಜ ದೂರದಲ್ಲಿ ಗೆರೆ ಎಳೆದು, ಅದರೊಳಗೆ ಮಾತ್ರ ಆಫ್‌ಸೈಡ್ ಅನ್ವಯಿಸಬೇಕೆಂಬುದು ಒಂದು. ಮೂವರ ಬದಲು ಇಬ್ಬರು ಎದುರಾಳಿಗಳಿದ್ದರೆ ಸಾಕೆಂಬುದು ಇನ್ನೊಂದು. ಆಟದ ನಿಯಮಗಳನ್ನು ನಿರ್ಧರಿಸುವ ಅಂತರರಾಷ್ಟ್ರೀಯ ಮಂಡಳಿ 1925ರ ಜೂನ್ ತಿಂಗಳಲ್ಲಿ ಎರಡನೆಯದನ್ನು ಒಪ್ಪಿತು. ಆ ಬೇಸಿಗೆ ಕಳೆದು ಋತು ಆರಂಭವಾದಾಗ ಲೀಗಿನ ಬ್ಯಾಕ್‌ಗಳೆಲ್ಲ ಒಮ್ಮೆಲೇ ದಡ್ಡರಾದಂತೆ ಕಂಡರು. ಇಪ್ಪತ್ತೆರಡು ತಂಡಗಳ ಮೊದಲ ದರ್ಜೆಯ 462 ಪಂದ್ಯಗಳಲ್ಲಿ 1924-25ರಲ್ಲಿ 1,192 ಗೋಲುಗಳು ಬಂದಿದ್ದರೆ, ಅಷ್ಟೇ ಪಂದ್ಯಗಳಿಂದ 1925-26ರಲ್ಲಿ 1,703 ಗೋಲುಗಳು ಬಂದವು. ಹಳೆಯ ಉಪಾಯಕ್ಕೆ ಅಂಟಿಕೊಂಡವರು ಈಗ ಇಬ್ಬರು ಬ್ಯಾಕ್‌ಗಳನ್ನೂ ಒಟ್ಟಿಗೆ ಮುಂದೆ ಸರಿಸಬೇಕಾಗಿತ್ತು. ಒಬ್ಬನ ಹೆಜ್ಜೆ ತಡವಾದರೂ ಫಾರ್ವರ್ಡ್‌ಗೂ ಗೋಲಿಗೂ ನಡುವೆ ಗೋಲ್‌ಕೀಪರ್ ಒಬ್ಬನೇ ಉಳಿಯುತ್ತಿದ್ದ. ಹಿಂದೆಯೇ ನಿಂತು ಕಾಯೋಣವೆಂದರೆ, ಇಬ್ಬರ ನಡುವಿನ ಅಗಲವಾದ ಬಾಗಿಲಿನಿಂದ ಎದುರಾಳಿಯ ಸೆಂಟರ್ ಫಾರ್ವರ್ಡ್ ನುಗ್ಗುತ್ತಿದ್ದ. ಎವರ್ಟನ್ ತಂಡದ ಡಿಕ್ಸಿ ಡೀನ್ 1927-28ರ ಒಂದೇ ಋತುವಿನಲ್ಲಿ 60 ಲೀಗ್ ಗೋಲುಗಳನ್ನು ಹೊಡೆದದ್ದನ್ನು ಅವನ ತಲೆಹೊಡೆತದ ಪ್ರತಿಭೆಗೆ ಮಾತ್ರ ಸಲ್ಲಿಸುವುದು ರೂಢಿ, ಆದರೆ ಆ ತೆರೆದ ಬಾಗಿಲಿಗೂ ಅದರಲ್ಲಿ ಪಾಲಿದೆ.

ಬಾಗಿಲು ಮುಚ್ಚುವ ದಾರಿ ಹೊಳೆದದ್ದು ಸೋಲಿನ ಮೂಲಕ. ಹಡರ್ಸ್‌ಫೀಲ್ಡ್ ಟೌನ್ ತಂಡವನ್ನು ಸತತ ಎರಡು ಬಾರಿ ಲೀಗ್ ಚಾಂಪಿಯನ್ ಪಟ್ಟಕ್ಕೆ ಏರಿಸಿ 1925ರ ಬೇಸಿಗೆಯಲ್ಲಿ ಲಂಡನ್ನಿನ ಆರ್ಸೆನಲ್‌ಗೆ ಮ್ಯಾನೇಜರ್ ಆಗಿ ಬಂದ ಹರ್ಬರ್ಟ್ ಚಾಪ್‌ಮನ್, ಸಂಡರ್‌ಲ್ಯಾಂಡ್‌ನಿಂದ ಚಾರ್ಲಿ ಬುಕನ್ ಎಂಬ ಅನುಭವಿ ಫಾರ್ವರ್ಡ್‌ನನ್ನು ಕೊಂಡಿದ್ದ. ಬುಕನ್‌ನ ಬೆಲೆಯ ಕರಾರೇ ವಿಚಿತ್ರವಾಗಿತ್ತು: 2,000 ಪೌಂಡ್ ಮುಂಗಡ, ಮೊದಲ ಋತುವಿನಲ್ಲಿ ಅವನು ಹೊಡೆಯುವ ಪ್ರತಿ ಗೋಲಿಗೆ 100 ಪೌಂಡ್. ಸೆಂಟರ್ ಹಾಫ್‌ನನ್ನು ಹಿಂದಕ್ಕೆ ಎಳೆದು ಇಬ್ಬರು ಬ್ಯಾಕ್‌ಗಳ ನಡುವೆ ಮೂರನೆಯವನಾಗಿ ನಿಲ್ಲಿಸಬೇಕೆಂದು ಬುಕನ್ ಆಗ್ರಹಿಸುತ್ತಿದ್ದನಾದರೂ ಚಾಪ್‌ಮನ್ ಕೂಡಲೇ ಒಪ್ಪಲಿಲ್ಲ. 1925ರ ಅಕ್ಟೋಬರ್ 3ರಂದು ನ್ಯೂಕ್ಯಾಸಲ್‌ನಲ್ಲಿ ಆರ್ಸೆನಲ್ 0-7ರಿಂದ ಸೋತಿತು. ಅಂದು ಗೆದ್ದ ತಂಡದ ಸೆಂಟರ್ ಹಾಫ್ ಚಾರ್ಲಿ ಸ್ಪೆನ್ಸರ್ ಹಿಂದೆಯೇ ಉಳಿದು ಆಡಿದ್ದ. ಆಫ್‌ಸೈಡ್ ಬಲೆಯನ್ನು ಹೆಣೆದ ಊರೇ ಅದು ಹರಿದ ಮೇಲಿನ ಉಪಾಯವನ್ನೂ ತೋರಿಸಿಕೊಟ್ಟಿತೆಂಬುದು ಗಮನಿಸತಕ್ಕದ್ದು.

ಎರಡೇ ದಿನಗಳ ಬಳಿಕ ವೆಸ್ಟ್‌ಹ್ಯಾಮ್ ವಿರುದ್ಧ ಆರ್ಸೆನಲ್‌ನ ಸೆಂಟರ್ ಹಾಫ್ ಜ್ಯಾಕ್ ಬಟ್ಲರ್ ಬ್ಯಾಕ್‌ಗಳ ನಡುವೆ ನಿಂತ. ಆದರೆ ಅವನು ಹಿಂದೆ ಸರಿದಾಗ ಅಂಕಣದ ನಡುಭಾಗ ಬರಿದಾಗುತ್ತದೆ. ಅದನ್ನು ತುಂಬಲು ಐವರು ಫಾರ್ವರ್ಡ್‌ಗಳಲ್ಲಿ ಒಬ್ಬನು ಕೆಳಗಿಳಿಯಬೇಕು. ಆ ಕೆಲಸ ತನಗೇ ಬರಲೆಂದು ಬುಕನ್ ಬಯಸಿದರೂ ಅವನ ಗೋಲುಗಳನ್ನು ಕಳೆದುಕೊಳ್ಳಲು ಸಿದ್ಧನಿಲ್ಲದ ಚಾಪ್‌ಮನ್, ಓಟದಲ್ಲಿ ನಿಧಾನಿಯಾದರೂ ಚೆಂಡಿನ ಮೇಲೆ ಹಿಡಿತವಿದ್ದ ಆ್ಯಂಡಿ ನೀಲ್‌ಗೆ ಅದನ್ನು ವಹಿಸಿದ. ಆರ್ಸೆನಲ್ 4-0ಯಿಂದ ಗೆದ್ದಿತು ಮತ್ತು ಆ ಋತುವಿನ ಕೊನೆಗೆ ಹಡರ್ಸ್‌ಫೀಲ್ಡ್‌ನ ಹಿಂದೆ ಎರಡನೆಯ ಸ್ಥಾನಕ್ಕೇರಿತು. ಮೂರನೆಯ ಬ್ಯಾಕ್ ಸೇರಿಕೊಂಡನೆಂದು ಮಾತ್ರ ಹೇಳಿ ಈ ಕಥೆಯನ್ನು ಮುಗಿಸುವವರು ಅರ್ಧವನ್ನಷ್ಟೇ ಹೇಳುತ್ತಾರೆ. ಹಿಂದೆ ಒಬ್ಬನು ಬಂದುದಕ್ಕೆ ತಕ್ಕಂತೆ ಮುಂದಿನವರೆಲ್ಲರೂ ಜಾಗ ಬದಲಿಸಿದರೆಂಬುದೇ ಇದರ ತಿರುಳು. ಹಳೆಯ ಇಬ್ಬರು ಬ್ಯಾಕ್‌ಗಳು ನಡುವಿನಿಂದ ಅಂಚಿಗೆ ಸರಿದು ಎದುರಾಳಿಯ ವಿಂಗರ್‌ಗಳನ್ನು ಹಿಡಿದರು, ಅಂಚಿನ ಹಾಫ್‌ಗಳು ಒಳಬಂದು ಇನ್‌ಸೈಡ್ ಫಾರ್ವರ್ಡ್‌ಗಳನ್ನು ಕಾದರು, ಕಾಲಕ್ರಮದಲ್ಲಿ ಇಬ್ಬರು ಇನ್‌ಸೈಡ್‌ಗಳೂ ಕೆಳಗಿಳಿದು ನಡುಭಾಗವನ್ನು ಹೆಣೆದರು. ಕಾಗದದ ಮೇಲೆ ಬರೆದರೆ ಡಬ್ಲ್ಯು ಮತ್ತು ಎಂ ಅಕ್ಷರಗಳು ಒಂದರ ಕೆಳಗೊಂದು ಕೂತಂತೆ ಕಾಣುವುದರಿಂದ ಈ ವ್ಯೂಹಕ್ಕೆ ಡಬ್ಲ್ಯು-ಎಂ ಎಂಬ ಹೆಸರು ನಿಂತಿತು. 1926ರಲ್ಲಿ ಆಸ್ವೆಸ್ಟ್ರಿ ಟೌನ್ ಎಂಬ ಸಣ್ಣ ತಂಡದಿಂದ ಕೇವಲ 200 ಪೌಂಡ್‌ಗೆ ಬಂದ ಹರ್ಬಿ ರಾಬರ್ಟ್ಸ್ ಮೂರನೆಯ ಬ್ಯಾಕ್‌ನ ಜಾಗದಲ್ಲಿ ಪೊಲೀಸ್ ಎಂದೇ ಹೆಸರಾದನು. ಆದರೆ ಅವನ ಯಶಸ್ಸು, 1929ರಲ್ಲಿ 8,750 ಪೌಂಡ್ ತೆತ್ತು ತಂದ ಅಲೆಕ್ಸ್ ಜೇಮ್ಸ್ ಎಂಬ ಇನ್‌ಸೈಡ್ ಫಾರ್ವರ್ಡ್ ಹಿಂದಿಳಿದು ಚೆಂಡನ್ನು ಹಂಚುವ ಕೆಲಸಕ್ಕೆ ಒಗ್ಗಿಕೊಂಡ ಮೇಲೆಯೇ ಪೂರ್ಣವಾಯಿತು.

ಈ ವ್ಯವಸ್ಥೆ ಇದ್ದವರಿಗೂ ಇಲ್ಲದವರಿಗೂ ಇದ್ದ ಅಂತರವನ್ನು 1930-31ರ ಪಟ್ಟಿ ಹೇಳುತ್ತದೆ. ಆ ವರ್ಷ ಬರ್ಮಿಂಗ್‌ಹ್ಯಾಮ್‌ನ ಆ್ಯಸ್ಟನ್ ವಿಲ್ಲಾ 128 ಗೋಲುಗಳನ್ನು ಹೊಡೆಯಿತು, ಆರ್ಸೆನಲ್ ಅದಕ್ಕಿಂತ ಒಂದು ಕಡಿಮೆ. ಆದರೂ ಚಾಂಪಿಯನ್ ಆದದ್ದು, ಅದೂ ಏಳು ಅಂಕಗಳ ಅಂತರದಿಂದ, ಆರ್ಸೆನಲ್. ವಿಲ್ಲಾ ಅಂದು ಸಾಮಾನ್ಯ ತಂಡವಲ್ಲ. ಲೀಗಿನ ಸ್ಥಾಪಕ ಸದಸ್ಯ, ಆರು ಬಾರಿ ಲೀಗ್ ಚಾಂಪಿಯನ್, ಆರು ಬಾರಿ ಎಫ್‌ಎ ಕಪ್ ವಿಜೇತ. ಅಂಥ ತಂಡ 1935-36ರಲ್ಲಿ ನಲವತ್ತೆರಡು ಪಂದ್ಯಗಳಲ್ಲಿ 110 ಗೋಲುಗಳನ್ನು ಬಿಟ್ಟುಕೊಟ್ಟು ಮೊದಲ ಬಾರಿಗೆ ಎರಡನೆಯ ದರ್ಜೆಗೆ ಇಳಿಯಿತು. ಅಕ್ಟೋಬರ್‌ನಲ್ಲಿ ನೆರೆಯ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ವಿಲ್ಲಾದ ಅಂಗಳದಲ್ಲೇ ಅದನ್ನು 7-0ಯಿಂದ ಮಣಿಸಿತು. ಅದೇ ತಿಂಗಳು ಮ್ಯಾನೇಜರ್ ಜಿಮ್ಮಿ ಮೆಕ್‌ಮುಲನ್ ಹೊರನಡೆದ. ಅಲ್ಲಿಂದಾಚೆಗೆ ಕ್ಲಬ್ಬಿನ ಆಡಳಿತ ದುಬಾರಿ ಬೆಲೆಯ, ಹೆಸರಾಂತ ಆಟಗಾರರನ್ನು ಒಬ್ಬರ ಮೇಲೊಬ್ಬರಂತೆ ಕೊಂಡು ತಂದಿತು. ಡಿಸೆಂಬರ್ 14ರಂದು ಆರ್ಸೆನಲ್ ಅದೇ ಅಂಗಳಕ್ಕೆ ಬಂದಾಗ ಟೆಡ್ ಡ್ರೇಕ್ ಒಬ್ಬನೇ ಏಳು ಗೋಲು ಹೊಡೆದ. ಪಂದ್ಯ 7-1ಕ್ಕೆ ಮುಗಿಯಿತು. ಕೊಂಡ ಆಟಗಾರರಲ್ಲಿ ಯೋಗ್ಯತೆ ಇರಲಿಲ್ಲವೆಂದು ಹೇಳಲಾಗದು. ಋತುವಿನ ನಡುವೆ ಬೇರೆ ಬೇರೆ ತಂಡಗಳಿಂದ ಬಂದು ಸೇರಿದವರಿಗೆ ಪಕ್ಕದವನು ಯಾವಾಗ ಸರಿಯುತ್ತಾನೆ, ಯಾವಾಗ ನಿಲ್ಲುತ್ತಾನೆ ಎಂಬ ಅರಿವು ಒಂದೆರಡು ತಿಂಗಳಲ್ಲಿ ಬರುವಂಥದ್ದಲ್ಲ, ಹಣ ಕೊಟ್ಟು ತರುವಂಥದ್ದೂ ಅಲ್ಲ. ರಾಬರ್ಟ್ಸ್‌ನ 200 ಪೌಂಡ್‌ನ ಮುಂದೆ ವಿಲ್ಲಾದ ಖರ್ಚನ್ನು ಇಟ್ಟು ನೋಡಿದರೆ ಇಂದಿನ ಕ್ಲಬ್ ಮಾಲೀಕರ ನೆನಪಾಗುವುದು ಸಹಜವೇ.

ಮೂರು ಬ್ಯಾಕ್‌ಗಳ ರಕ್ಷಣೆಗೂ ಆಯುಸ್ಸಿನ ಮಿತಿ ಇತ್ತು. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿದಾಗ, ಸೆಂಟರ್ ಫಾರ್ವರ್ಡ್‌ನ ಒಂಬತ್ತನೆಯ ಅಂಗಿ ತೊಟ್ಟಿದ್ದ ನಾಂದೋರ್ ಹಿದೆಗ್‌ಕುಟಿ ಆ ಜಾಗದಲ್ಲಿ ನಿಲ್ಲದೆ ನಡುಭಾಗಕ್ಕೆ ಇಳಿದು ಆಡಿದ. ಮೂರನೆಯ ಬ್ಯಾಕ್ ಹ್ಯಾರಿ ಜಾನ್‌ಸ್ಟನ್ ಅವನ ಬೆನ್ನು ಹಿಡಿದು ಹೋದರೆ ಹಿಂದೆ ಕಿಂಡಿ ಬೀಳುತ್ತಿತ್ತು, ಹೋಗದೆ ನಿಂತರೆ ಹಿದೆಗ್‌ಕುಟಿ ನಿರಾತಂಕವಾಗಿ ಆಡುತ್ತಿದ್ದ. ಅವನು ಮೂರು ಗೋಲು ಹೊಡೆದ.

ಭಾರತದ ಪಾಲಿಗೆ ಇಂಥದೇ ಪಾಠ ಅದಕ್ಕೂ ಒಂದು ವರ್ಷ ಮೊದಲು ಬಂದಿತ್ತು. 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಭಾರತ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು 1-10ರಿಂದ ಸೋತಿತು; ಭಾರತದ ಆ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಸೋಲಿಗೆ ಬರಿಗಾಲಿನ ಆಟವೇ ಕಾರಣವೆಂದು ದೇಶವೆಲ್ಲ ನಂಬಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯಗೊಳಿಸಿತು. ಉತ್ತರ ಯುರೋಪಿನ ಒದ್ದೆ ನೆಲದಲ್ಲಿ ಬರಿಗಾಲು ಜಾರುವುದು ನಿಜವೇ. ಆದರೆ ಆಗಿನ ಭಾರತೀಯ ಫುಟ್‌ಬಾಲಿನಲ್ಲಿ, ವಿಶೇಷವಾಗಿ ಕಲ್ಕತ್ತೆಯ ಕ್ಲಬ್‌ಗಳಲ್ಲಿ, ಇಬ್ಬರು ಬ್ಯಾಕ್‌ಗಳ ಹಳೆಯ ವ್ಯೂಹವೇ ಬೇರುಬಿಟ್ಟಿತ್ತು ಎಂಬ ಸಂಗತಿ ಬೂಟಿನ ಗದ್ದಲದಲ್ಲಿ ಹಿಂದೆ ಬಿತ್ತು. ಆರ್ಸೆನಲ್ 1925ರಲ್ಲಿ ಬಿಟ್ಟ ಜೋಡಣೆಯನ್ನು ಭಾರತ ಇಪ್ಪತ್ತೇಳು ವರ್ಷಗಳ ಬಳಿಕವೂ ಹಿಡಿದುಕೊಂಡಿತ್ತು. ಅದನ್ನು ಸರಿಪಡಿಸಿದ ಶ್ರೇಯಸ್ಸಿನ ಬಹುಪಾಲು ಹೈದರಾಬಾದಿನ ಶಾಲಾ ಶಿಕ್ಷಕರಾಗಿದ್ದ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಅವರಿಗೆ ಸಲ್ಲಬೇಕು. ಬೂಟಿನ ಜೊತೆಗೆ ಜಾಗ ಕಾಯುವ ಶಿಸ್ತನ್ನೂ ಕಲಿಸಿದ ಅವರ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿತು. ಅಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯ. ಪಂದ್ಯದ ಮೊದಲರ್ಧದಲ್ಲಿ ಭಾರತದ ರಕ್ಷಣೆ ಒಂದೂ ಗೋಲನ್ನು ಬಿಟ್ಟುಕೊಡಲಿಲ್ಲ, ವಿರಾಮದ ಬಳಿಕ ನೆವಿಲ್ ಡಿಸೋಜ ಭಾರತಕ್ಕೆ ಮುನ್ನಡೆಯನ್ನೂ ತಂದುಕೊಟ್ಟರು. ಆ ಮೇಲೆ ಯುಗೊಸ್ಲಾವಿಯ 4-1ರಿಂದ ಗೆದ್ದಿತು.