ಜಾನ್ ನ್ಯೂಟನ್ನನ ಪಶ್ಚಾತ್ತಾಪ

ಮನುಷ್ಯನು ತನ್ನ ಪಾಪವನ್ನು ತಾನೇ ಕಂಡುಕೊಂಡು ದೇವರ ಕೃಪೆಗೆ ಶರಣಾದರೆ ರಕ್ಷಣೆ ದೊರೆಯುವುದೆಂದು ಕ್ರೈಸ್ತಮತವು ಬೋಧಿಸುತ್ತದೆ. ಕೇಳುವುದಕ್ಕೆ ಮಾತು ಸುಲಭ. ಆದರೆ ತನ್ನ ಪಾಪ ಯಾವುದೆಂದು ಕಾಣುವುದಕ್ಕೇ ಎಷ್ಟು ಕಾಲ ಬೇಕಾದೀತು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲೆಂಡಿನ ಜಾನ್ ನ್ಯೂಟನ್ ಎಂಬ ಪಾದ್ರಿಯ ಚರಿತ್ರೆಯನ್ನು ನೋಡಿರಿ. ಸೇಬಿನ ಹಣ್ಣಿನ ಕಥೆಯ ನ್ಯೂಟನ್ ಬೇರೆ. ಆತ ತೀರಿಕೊಂಡಾಗ ಈತ ಎರಡು ವರ್ಷ ತುಂಬದ ಕೂಸು.

1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈತ ಹಡಗಿನ ಕಪ್ತಾನನ ಮಗ. ಏಳು ತುಂಬುವ ಮೊದಲೇ ತಾಯಿ ತೀರಿಕೊಂಡಳು. 11ನೆಯ ವಯಸ್ಸಿಗೆ ಕಡಲಿಗಿಳಿದ ಹುಡುಗ ಬೆಳೆದಂತೆ ದೈವನಿಂದಕನಾದ. ಪಶ್ಚಿಮ ಆಫ್ರಿಕದಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಹಸಿವು, ಬೇನೆ, ಅವಮಾನ ಎಲ್ಲವನ್ನೂ ಉಂಡ. 1748ರ ಮಾರ್ಚಿಯಲ್ಲಿ ಊರಿಗೆ ಮರಳುತ್ತಿದ್ದ ಗ್ರೇಹೌಂಡ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು. ಸರಕಾಗಿ ತುಂಬಿದ್ದ ಜೇನುಮೇಣವೂ ಮರವೂ ಹಗುರವಾಗಿದ್ದುದರಿಂದ ಅದು ಹೇಗೋ ತೇಲಿತು. ಆ ರಾತ್ರಿ ನ್ಯೂಟನ್ ದೇವರನ್ನು ಕರೆದ. ತನಗೆ ಮರುಹುಟ್ಟು ಬಂದ ದಿನವೆಂದು ಅದನ್ನು ಬದುಕಿರುವವರೆಗೂ ನೆನೆಯುತ್ತಿದ್ದ.

ಇಲ್ಲಿಗೇ ನಿಲ್ಲಿಸಿದರೆ ಅದು ಹರಿಕಥೆಗೆ ಚೆನ್ನಾಗಿ ಒದಗುತ್ತದೆ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ಚರಿತ್ರೆ ಅಷ್ಟು ದಾಕ್ಷಿಣ್ಯ ತೋರುವುದಿಲ್ಲ. 1750ರಿಂದ 1754ರವರೆಗೆ ಇದೇ ಭಕ್ತ ಗುಲಾಮರ ಹಡಗುಗಳ ಕಪ್ತಾನನಾಗಿದ್ದ! ಭಾನುವಾರ ಹಡಗಿನ ಮೇಲಟ್ಟದಲ್ಲಿ ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುವನು. ಕೆಳಗೆ ಕತ್ತಲೆಯಲ್ಲಿ ಸಂಕೋಲೆಯ ಜನ. 1752ರಲ್ಲಿ ಆ ಜನ ದಂಗೆ ಹೂಡಿದರೆಂಬ ಗುಮಾನಿ ಬಂದಾಗ, ಅವರಲ್ಲಿದ್ದ ಹುಡುಗರ ಬಾಯಿಂದ ತಪ್ಪೊಪ್ಪಿಗೆ ಹೊರಡಿಸಲು ಹೆಬ್ಬೆರಳು ಹಿಂಡುವ ತಿರುಪುಗಳನ್ನು ಹಾಕಿಸಿದುದಾಗಿ ತನ್ನ ದಿನಚರಿಯಲ್ಲಿ ತಾನೇ ಬರೆದಿಟ್ಟ. ತಪ್ಪೊಪ್ಪಿಗೆ! ಯಾರ ತಪ್ಪು, ಯಾರ ಒಪ್ಪಿಗೆ? ಕಡೆಗೆ ಕಡಲು ಬಿಟ್ಟದ್ದಾದರೂ ಮನಸ್ಸು ಚುಚ್ಚಿದ್ದರಿಂದಲ್ಲ, 1754ರಲ್ಲಿ ಹಠಾತ್ತನೆ ಬಂದ ಕಾಯಿಲೆಯಿಂದ.

1764ರಲ್ಲಿ ದೀಕ್ಷೆ ಪಡೆದು ಓಲ್ನಿ ಊರಿನ ಪಾದ್ರಿಯಾದ. ಈಗ ಲೋಕವೆಲ್ಲ ಹಾಡುವ 'ಅಮೇಜಿಂಗ್ ಗ್ರೇಸ್' ಅಲ್ಲಿ ಹುಟ್ಟಿ 1779ರಲ್ಲಿ ಅಚ್ಚಾಯಿತು. ಕುರುಡ ಕಣ್ಣು ಪಡೆದ ಹಾಡು ಅದು. ಗುಲಾಮರ ಮಾತು ಅದರಲ್ಲಿ ಒಂದೂ ಇಲ್ಲ.

ನಮ್ಮ 'ಪಶ್ಚಾತ್ತಾಪ' ಶಬ್ದವನ್ನು ಬಿಡಿಸಿ ನೋಡಿ: ಪಶ್ಚಾತ್, ಎಂದರೆ ಆಮೇಲೆ, ತಾಪ, ಎಂದರೆ ಬೇಗೆ. ನ್ಯೂಟನ್ನನಿಗೆ ಆ ಬೇಗೆ ಮುಟ್ಟಿದ್ದು ಬಹಳ ಆಮೇಲೆ. ಬಿರುಗಾಳಿಯ 40 ವರ್ಷಗಳ ನಂತರ, 1788ರಲ್ಲಿ, ಗುಲಾಮರ ವ್ಯಾಪಾರದ ಬಗ್ಗೆ ಒಂದು ಕಿರುಹೊತ್ತಗೆ ಹೊರಡಿಸಿದ. ಕಪಾಟಿನಲ್ಲಿ ಪುಸ್ತಕಗಳನ್ನು ಒತ್ತಿಟ್ಟಂತೆ ಜನರನ್ನು ಮಲಗಿಸುತ್ತಿದ್ದ ಬಗೆಯನ್ನು ಬಣ್ಣಿಸಿ, ತಾನೂ ಅದರಲ್ಲಿ ಕೈಯಾಡಿಸಿದವನೆಂದೂ, ಈ ಒಪ್ಪಿಗೆ ತಡವಾಗಿ ಬಂದಿತೆಂದೂ ನಾಚಿ ಬರೆದ. ಸರ್ಕಾರದ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ. ಆ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸನ ಬೆನ್ನಿಗೆ ನಿಂತ.

ವ್ಯಾಪಾರವನ್ನು ನಿಷೇಧಿಸುವ ಕಾಯಿದೆ 1807ರ ಮಾರ್ಚಿಯಲ್ಲಿ ಬಂತು. ಗುಲಾಮಗಿರಿ ಮಾತ್ರ ಉಳಿದೇ ಇತ್ತು. ಅದೇ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡ. ಗೋರಿಕಲ್ಲಿನ ಬರಹವನ್ನು ತಾನೇ ರಚಿಸಿಟ್ಟಿದ್ದ. ಒಂದು ಕಾಲಕ್ಕೆ ನಾಸ್ತಿಕ, ಸ್ವೇಚ್ಛಾಚಾರಿ, ಆಫ್ರಿಕದಲ್ಲಿ ಗುಲಾಮರಿಗೆ ಸೇವಕನಾಗಿದ್ದವನು ಎಂದು ಅದರಲ್ಲಿದೆ. ಕಪ್ತಾನನಾಗಿದ್ದ ಸಂಗತಿ ಅದರಲ್ಲಿ ಇಲ್ಲ.